ಜಲಜಕ್ಕನ ಚಾಪೆ

ಒಂದು ಪಿಟೀಲುವಾದನ ಶಾಸ್ತ್ರೀಯವೋ ಅಲ್ಲವೋ ಎಂಬುದನ್ನು ಅದರ ನಾದ ತೀರ್ಮಾನಿಸಬೇಕೇ, ಅಥವಾ ಪಕ್ಕದಲ್ಲಿ ಕುಳಿತವನು ಯಾರೆಂಬುದೇ? ನೀವು ಉತ್ತರಿಸುವ ಮೊದಲು ಜಲಜಕ್ಕನ ಬಲಪಾದದ ಬಗ್ಗೆ ಹೇಳಬೇಕು. ನೆಲದಲ್ಲಿ ಕುಳಿತು, ಪಿಟೀಲಿನ ತುದಿಯನ್ನು ಪಾದಕ್ಕೆ ಊರಿ ನುಡಿಸಿ ನುಡಿಸಿ ಅಲ್ಲಿನ ಚರ್ಮ ಕಪ್ಪಗೆ ಗಟ್ಟಿಯಾಗಿತ್ತು. “ಇದು ನನ್ನ ಸರ್ಟಿಫಿಕೇಟು. ಗೋಡೆಗೆ ತೂಗು ಹಾಕ್ಲಿಕ್ಕೆ ಆಗುದಿಲ್ಲ ಅಷ್ಟೆ” ಎನ್ನುತ್ತಿದ್ದರು.

ಪುತ್ತೂರಿನ ಬಾಡಿಗೆ ಕೋಣೆಯೊಂದರಲ್ಲಿ ಅವರು ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದರು. ಸುಳ್ಯದ ನಮ್ಮ ಸಂಗೀತ ಸಭೆಯ ವಾರ್ಷಿಕ ಆರಾಧನೆಗೆ ಯಾವ ಗಾಯಕರು ಬಂದರೂ ಪಕ್ಕವಾದ್ಯಕ್ಕೆ ಅವರೇ. ಅವರ ಶಿಷ್ಯರಿಗೂ ಅಲ್ಲಿಯೇ ವೇದಿಕೆ. ನಮ್ಮ ಕಡೆ ಆ ವೇದಿಕೆ ಏರದ ಮಗುವನ್ನು ಕಲಿತದ್ದೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಚಿಲಂಪಾಡಿಯ ಚೇತನ್ ಕಡಬದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ತುಳುವಿನಲ್ಲಿ ರ‍್ಯಾಪ್ ಕಟ್ಟುವವನು. ತನ್ನ ಹಾಡಿಗೆ ಸ್ವಲ್ಪ ಪಿಟೀಲು ಹಾಕಿಕೊಡಿ ಎಂದು ಅವರಲ್ಲಿಗೆ ಬಂದ.

“ಸ್ವಲ್ಪ ಹಾಕ್ಲಿಕ್ಕೆ ಇದೆಂತ ಒಗ್ಗರಣೆಯಾ? ನಾಳೆಯಿಂದ ಬಾ, ತಾಳ ಹಾಕ್ಲಿಕ್ಕೆ ಕಲಿ.”

ಅವನಿಗೆ ಗೊತ್ತಿದ್ದದ್ದು ನಾಲ್ಕರ ಲೆಕ್ಕ. ಜಲಜಕ್ಕ ಏಳರ ಲೆಕ್ಕದ ಮಿಶ್ರಛಾಪು ತಾಳ ಹಿಡಿಸಿದರು.

“ಅಕ್ಕ, ಏಳಕ್ಕೆ ರ‍್ಯಾಪ್ ಹೇಳುದು ಹೇಗೆ?”

“ಬಾಯಿ ನಿನ್ನದಲ್ವಾ ಮಾರಾಯ? ಶ್ರುತಿ ನಾನು ನೋಡಿಕೊಳ್ತೇನೆ.”

ಕಡಬದ ಯುವಕ ಮಂಡಲದ ಕಾರ್ಯಕ್ರಮದಲ್ಲಿ ಇಬ್ಬರೂ ವೇದಿಕೆಗೆ ಬಂದರು. ನಿಂತು ನುಡಿಸಿದರೆ ವಿಡಿಯೊ ಚಂದ ಬರುತ್ತದೆಂದು ಸಂಘಟಕನೊಬ್ಬ ಸಲಹೆಯಿತ್ತ. “ನಿಂತ್ರೆ ಪಿಟೀಲು ಎಲ್ಲಿಗೆ ಊರುದು? ನಿನ್ನ ತಲೆಗಾ?” ಎಂದು ಜಲಜಕ್ಕ ಚಾಪೆ ಹಾಸಿ ಕುಳಿತರು. ಮೈಕು ಹಿಡಿದು ಕುಣಿಯಬೇಕಿದ್ದ ಚೇತನ್ ಒಂದು ಕ್ಷಣ ನೋಡಿ, ತಾನೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದ. ಹಿಂದೋಳ ರಾಗದ ಮೇಲೆ ತುಳುವಿನ ಮಾತು ಏಳೇಳಾಗಿ ಬಿದ್ದಾಗ ಗದ್ದಲದ ಮೈದಾನ ವೇದಿಕೆಯತ್ತ ತಿರುಗಿತು.

ಆ ವಿಡಿಯೊ ಸುಳ್ಯಕ್ಕೂ ತಲುಪಿತು. ಸಭೆಯ ಸಮಿತಿಯಲ್ಲಿ, ರ‍್ಯಾಪಿಗೆ ನುಡಿಸಿದವರು ಆರಾಧನೆಗೆ ಬೇಡವೆಂಬ ಮಾತೆದ್ದಾಗ, ಸದಸ್ಯನಾದ ನಾನು ಎದ್ದುನಿಂತು ಕೇಳಿದೆ: “ಪಿಟೀಲೇ ಹೊರದೇಶದ ವಾದ್ಯ. ಅದನ್ನು ಪಾದಕ್ಕೆ ಊರಿ ನಮ್ಮದಾಗಿಸಿಕೊಂಡ ನಾವು, ರ‍್ಯಾಪನ್ನು ಚಾಪೆಯ ಮೇಲೆ ಕೂರಿಸಿದವರನ್ನು ಯಾವ ನ್ಯಾಯದಿಂದ ಆಕ್ಷೇಪಿಸುತ್ತೇವೆ?”

“ನಿಮ್ಮ ಮಾತು ಚಂದ ಉಂಟು ಸರ್. ಭಾಷಣ ಸ್ಪರ್ಧೆಯಾಗಿದ್ರೆ ಬಹುಮಾನ ನಿಮಗೇ” ಎಂದರು ಕಾರ್ಯದರ್ಶಿಗಳು. ಎಲ್ಲರೂ ನಕ್ಕರು. ಆಮಂತ್ರಣ ಪತ್ರಿಕೆ ಜಲಜಕ್ಕನ ಹೆಸರಿಲ್ಲದೆ ಅಚ್ಚಾಯಿತು.

ಅವರನ್ನು ಯಾರೂ ಬೈಯಲಿಲ್ಲ, ಬಹಿಷ್ಕರಿಸಲಿಲ್ಲ. ಪ್ರತಿವರ್ಷ ಬರುತ್ತಿದ್ದ ಫೋನ್ ಕರೆ ಬರಲಿಲ್ಲ, ಅಷ್ಟೆ. ವೇದಿಕೆಯಿಲ್ಲದ ಗುರುವಿನ ಬಳಿ ಮಕ್ಕಳನ್ನು ಯಾರು ಬಿಟ್ಟಾರು? “ಪರೀಕ್ಷೆ ಹತ್ರ ಬಂತಲ್ಲಾ ಅಕ್ಕ” ಎನ್ನುತ್ತ ಹೆತ್ತವರು ಒಬ್ಬೊಬ್ಬರೇ ಬಿಡಿಸಿಕೊಂಡು ಹೋದರು.

ಕೊನೆಯ ಸಲ ನಾನು ಹೋದಾಗ ಜಲಜಕ್ಕ ಕೋಣೆ ತೆರವು ಮಾಡಿ, ಮೈಸೂರಿನ ತಂಗಿಯ ಮನೆಗೆ ಹೊರಟಿದ್ದರು. ಮಕ್ಕಳು ಕೂರುತ್ತಿದ್ದ ಚಾಪೆಗಳನ್ನು ಸುತ್ತುತ್ತಿದ್ದರು.

“ಸಮಿತಿಯಲ್ಲಿ ನೀವು ಗೆದ್ರಂತೆ, ಚೇತನ್ ಹೇಳಿದ. ಒಂದು ಚಾಪೆ ತಕೊಳ್ಳಿ ಸರ್. ನಿಮ್ಮಲ್ಲಿಗೆ ಜನ ಬರ್ತಾರಲ್ಲಾ.”

ಈ ವರ್ಷ ನಮ್ಮ ಆರಾಧನೆ ಉದ್ಘಾಟನೆಯಾದದ್ದು ದೊಡ್ಡ ನಗರದಿಂದ ಬಂದ ತಂಡದಿಂದ: ನಿಂತು ನುಡಿಸುವ ಪಿಟೀಲು, ಕುಣಿಯುವ ರ‍್ಯಾಪ್, ಬಣ್ಣದ ಬೆಳಕು. ಯುವಜನರನ್ನು ಶಾಸ್ತ್ರೀಯ ಸಂಗೀತದತ್ತ ಸೆಳೆಯುವುದೇ ಉದ್ದೇಶವೆಂದು ಅದೇ ಕಾರ್ಯದರ್ಶಿಗಳು ಸ್ವಾಗತ ಭಾಷಣದಲ್ಲಿ ಹೇಳಿ, ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ಕುಳಿತರು. ನನ್ನ ಪಕ್ಕದಲ್ಲಿದ್ದ ಚೇತನ್‌ನ ಬೆರಳುಗಳು ತೊಡೆಯ ಮೇಲೆ ತಾಳ ಹುಡುಕಿ ನಿಂತವು.

“ಇವರದ್ದು ನಾಲ್ಕಕ್ಕೇ ಉಂಟು ಸರ್” ಎಂದು ಎದ್ದುಹೋದ.

ನಿಮ್ಮೂರಿನ ಸಂಗೀತ ಸಮಿತಿಯಲ್ಲಿ ನೀವಿದ್ದರೆ ನನ್ನದೊಂದು ಕೋರಿಕೆ. ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ, ಅಲ್ಲಿಯೇ ಇದ್ದು ಕಲಿಸುತ್ತಿರುವವರಿಗೆ ಫೋನ್ ಮಾಡಿ. ಯಾರನ್ನು ಕರೆತರುತ್ತೀರೆಂದು ಕೇಳಬೇಡಿ. ಎರಡು ಚಾಪೆ ಹಾಸಿಡಿ.