ಎಡ್ವಿನ್ ಸಾನ್ ಬರೆದ ಚಾಮುಂಡಿ ಬೆಟ್ಟ

ಜಪಾನಿನಲ್ಲಿ ಸಂಡಿಗೆ ಒಣಗಿಸುವ ಕಷ್ಟ ನಿಮಗೆ ಹೇಗೆ ಹೇಳಲಿ! ಕಾವಾಸಾಕಿಯ ನಮ್ಮ ಪುಟ್ಟ ಬಾಲ್ಕನಿಗೆ ಬಿಸಿಲು ಬರುವುದೇ ಅಪರೂಪ. ಬಂದರೂ ಗಾಳಿಯನ್ನು ಜೊತೆಗೆ ಕರೆದುಕೊಂಡೇ ಬರುತ್ತಿತ್ತು. ಅಂಥದೊಂದು ಗಾಳಿಗೆ ನನ್ನ ಸಂಡಿಗೆಯೆಲ್ಲ ಹಾಳೆಯ ಸಮೇತ ಕೆಳಗಿನ ಮನೆಯ ಬಾಲ್ಕನಿಗೆ ಹಾರಿಹೋಯಿತು. "ಸುಮಿಮಾಸೆನ್" ಎಂಬ, ಕ್ಷಮೆ ಕೇಳುವ ಒಂದೇ ಪದವನ್ನು ಬಾಯಿಪಾಠ ಮಾಡಿಕೊಂಡು ಕೆಳಗಿಳಿದು ಗಂಟೆ ಒತ್ತಿದರೆ, ಬಾಗಿಲು ತೆರೆದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಮೆರಿಕದವರು. ಅಂಗೈಯಲ್ಲಿ ಒಂದು ಸಂಡಿಗೆಯಿಟ್ಟುಕೊಂಡು, "ಇದು ತಿನ್ನುವುದೋ, ನೋಡುವುದೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೀಗೆ ಎಡ್ವಿನ್ ಪರಿಚಯವಾದರು; ಇಲ್ಲಿನ ರೂಢಿಯಂತೆ ಗೌರವಕ್ಕೆ ‘ಸಾನ್’ ಸೇರಿ ಎಡ್ವಿನ್ ಸಾನ್ ಆದರು. ನನ್ನ ಗಂಡ ಆಗ ವೈಟುಕೆ ಕೆಲಸದಲ್ಲಿ ಮುಳುಗಿದ್ದರು. ಎರಡು ಸಾವಿರದ ಇಸವಿ ಹುಟ್ಟಿ, ತಾರೀಕಿನ ಕೊನೆಗೆ ಎರಡು ಸೊನ್ನೆ ಕಂಡರೆ ಕಂಪ್ಯೂಟರಿಗೆ ತಾನು ಯಾವ ಶತಮಾನದಲ್ಲಿದ್ದೇನೆಂದೇ ತಿಳಿಯದೆ ಹೋಗುತ್ತದಂತೆ. ಮಗಳು ಮೇಘಾ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಹೊಸ ಪರಿಚಯದವರ ಮನೆಗೆ ಆಗಾಗ ಕರಿದ ಸಂಡಿಗೆ ಇಳಿಯತೊಡಗಿತು.

ಎಡ್ವಿನ್ ಸಾನ್ ನಿಸರ್ಗದೃಶ್ಯಗಳ ಚಿತ್ರಕಾರರು. ಪ್ರಾಯದಲ್ಲಿ ಜಪಾನ್ ನೋಡಲು ಬಂದು, ಇಲ್ಲಿನವರನ್ನೇ ಮದುವೆಯಾಗಿ, ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸುತ್ತ ಉಳಿದುಬಿಟ್ಟವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಕಿಟಕಿಯಾಚೆ ಕಾರ್ಖಾನೆಗಳ ಚಿಮಣಿಗಳು ಹೊಗೆ ಉಗುಳುತ್ತಿದ್ದರೂ ಅವರು ಮೂರು ದಶಕ ಬರೆದದ್ದು ತಮ್ಮ ಹುಟ್ಟೂರಿನ ಒಂದೇ ಕಣಿವೆಯನ್ನು: ಒಂದು ಗುಡ್ಡ, ಅದರ ಪಾದದಲ್ಲಿ ತಿರುಗುವ ನದಿ, ಬೆಳಗಿನದೊಂದು ಬೆಳಕು, ಸಂಜೆಯದೊಂದು ಬೆಳಕು. ಆದರೆ ಈಗ ಕುಂಚಗಳೆಲ್ಲ ಒಣಗಿ ಕೂತಿದ್ದವು.

ಕಾರಣ ಕೇಳಿದೆ. "ಹೋದ ವರ್ಷ ತಂಗಿ ಸತ್ತಳು, ಊರಿಗೆ ಹೋಗಿದ್ದೆ. ಆ ಕಣಿವೆಯಲ್ಲಿ ನಿಂತು ನೋಡಿದೆ. ನದಿ ಬಲಕ್ಕೆ ತಿರುಗುತ್ತದಮ್ಮ. ನಾನು ಇಷ್ಟು ವರ್ಷವೂ ಎಡಕ್ಕೆ ತಿರುಗಿಸಿದ್ದೇನೆ," ಎಂದರು. ಬದುಕಿಡೀ ಪ್ರೀತಿಸಿದ್ದು ಯಾವ ಊರನ್ನು ಎಂಬ ಗೊಂದಲಕ್ಕೆ ನಾನೇನು ಸಮಾಧಾನ ಹೇಳಲಿ? ಬಾಯಿಗೆ ಬಂದದ್ದನ್ನು ಹೇಳಿದೆ: "ನಮ್ಮ ಮೈಸೂರಿನಲ್ಲೂ ಒಂದು ಬೆಟ್ಟವಿದೆ."

"ಹೇಳಿ," ಎಂದು ಅವರು ಕುರ್ಚಿ ಎಳೆದುಕೊಂಡರು.

ತವರಿನ ತಾರಸಿಯಿಂದ ಕಾಣುವ ಚಾಮುಂಡಿ ಬೆಟ್ಟವನ್ನು ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಒಂದು ಭಾನುವಾರ, ಮೈಸೂರಿನವರೇ ಆದ ಗಂಡನೂ ಬಂದು ನೋಡಿ, "ಏ, ಸ್ಲೋಪ್ ರಾಂಗ್ ಸೈಡಲ್ಲಿದೆ ಕಣೇ," ಎಂದರು. "ನಿಮ್ಮ ಮನೆಯಿಂದ ಹಾಗೆ ಕಾಣುತ್ತಿತ್ತೇನೋ," ಎಂದು ನಾನು ರೇಗಿದೆ. ಮೇಘಾ ಇಬ್ಬರನ್ನೂ ಬಿಟ್ಟು, "ಕವಾಯಿ! ಫುಜಿ ಸಾನ್!" ಎಂದು, ಎಷ್ಟು ಮುದ್ದಾಗಿದೆ ಎಂಬುದನ್ನು ಜಪಾನಿಯಲ್ಲೇ ಹೇಳಿ ಚಪ್ಪಾಳೆ ತಟ್ಟಿದಳು. ನಾನು ಚಿತ್ರದ ಹತ್ತಿರಕ್ಕೆ ಬಗ್ಗಿದೆ. ಹೌದಲ್ಲ, ಫುಜಿ ಪರ್ವತದ ಹಾಗೆ ತುದಿ ಯಾಕಿಷ್ಟು ಚೂಪಾಯಿತು? ನಾನೇ ಹಾಗೆ ಹೇಳಿದೆನೋ, ಅವರೇ ಹಾಗೆ ಕೇಳಿಸಿಕೊಂಡರೋ?

ಆ ಬೇಸಿಗೆಯಲ್ಲಿ ತಮ್ಮನ ಮದುವೆಗೆಂದು ಮೈಸೂರಿಗೆ ಹೋದೆ. ಹೋದವಳೇ ತಾರಸಿ ಹತ್ತಿದೆ. ಬೆಟ್ಟ ಉದ್ದಕ್ಕೆ, ತಗ್ಗಾಗಿ ಮಲಗಿತ್ತು. ನಾನು ಹೇಳಿದ ಹಾಗೂ ಇಲ್ಲ, ಗಂಡ ಹೇಳಿದ ಹಾಗೂ ಇಲ್ಲ. ನೋಡುತ್ತ ನಿಂತಂತೆ, ನಿಜವಾದ ಬೆಟ್ಟವೇ ಎಲ್ಲೋ ತಪ್ಪಿದೆ ಎನಿಸಿಬಿಟ್ಟಿತು ನೋಡಿ! ಬಟ್ಟೆ ತೆಗೆಯಲು ಬಂದ ಅಮ್ಮ, "ಏನೇ, ಹೊಸಬಳ ಹಾಗೆ ನೋಡ್ತಿದ್ದೀಯ?" ಎಂದರು.

ಮರಳಿದ ದಿನವೇ ಎಡ್ವಿನ್ ಸಾನ್ ಬಾಗಿಲಲ್ಲಿ ಕಾದಿದ್ದರು. "ಸರಿಯಿತ್ತೇ?"

ಸರಿಯಿತ್ತು ಎಂದರೆ ಸುಳ್ಳು. ಇಲ್ಲ ಎಂದರೆ ಮತ್ತೆ ಕುಂಚ ಕೆಳಗಿಟ್ಟಾರು. "ಬೆಟ್ಟ ಬೇರೆ ಥರ ಇತ್ತು. ಆದರೆ ಅಲ್ಲಿ ನಿಂತಾಗಲೂ ನನಗೆ ನೀವು ಬರೆದದ್ದೇ ನೆನಪಾಗುತ್ತಿತ್ತು. ಯಾವುದು ಸರಿಯೋ ತಿಳಿಯುತ್ತಿಲ್ಲ," ಎಂದೆ.

ಅವರು ನನ್ನನ್ನೇ ದಿಟ್ಟಿಸಿ, "ನಿಮಗೂ ಹಾಗೇ ಆಯಿತೇ?" ಎಂದು ಮೆಲ್ಲಗೆ ನಕ್ಕರು. ಪರಿಚಯವಾದ ಮೇಲೆ ಅವರು ಮನಸಾರೆ ನಕ್ಕದ್ದು ಅದೇ ಮೊದಲು.

ಮರುವಾರ ಹೋದಾಗ ಹೊಸ ಕ್ಯಾನ್ವಾಸಿನ ಮೇಲೆ ಅವರ ಕಣಿವೆ ಮೂಡುತ್ತಿತ್ತು. ಗುಡ್ಡವಾಯಿತು, ಬೆಳಕಾಯಿತು, ಕೊನೆಗೆ ನೀಲಿ ಅದ್ದಿದರು. ಕುಂಚ ಒಂದು ಗಳಿಗೆ ತಡೆದು ನಿಂತಿತು. ನದಿ ಎಡಕ್ಕೇ ತಿರುಗಿತು. ತಪ್ಪೆಂದು ಗೊತ್ತಿದ್ದೇ ತಿರುಗಿಸಿದರೋ, ಕೈಗೆ ಬೇರೆ ದಾರಿ ಬರಲಿಲ್ಲವೋ, ನಾನು ಕೇಳಲಿಲ್ಲ.