ನೆಫೀಸೆ ಒರೆಸಿಟ್ಟ ಬೂಟು

ಬೆರಾತ್ ಊರಿನ ಆ ಇಳಿಜಾರು ಓಣಿಯಲ್ಲಿ ವಿಧವೆ ನೆಫೀಸೆಯಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿರಲಿಲ್ಲ. ಆದರೂ ಗುಟ್ಟು ಕಾಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದೇ ಆಕೆ ನಂಬಿದ್ದಳು. ಜರ್ಮನ್ ಸೈನಿಕರು ಬಂದಾಗಿನಿಂದ, ಏಳು ತಿಂಗಳು, ಗಡಿಯಾರ ರಿಪೇರಿ ಮಾಡುವ ಯೆಹೂದಿ ರಾಫೈಲ್ ಅವಳ ಮಹಡಿಯಲ್ಲಿ ಅಡಗಿದ್ದ. ಸಿಕ್ಕಿಬಿದ್ದರೆ ಅವನ ಜೀವವೂ ಹೋಗುತ್ತಿತ್ತು, ಇವಳದೂ. ಯಾರಿಗೂ ಆಕೆ ಬಾಯಿ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಇಸುಫ್‌ಗಂತೂ ಮೊದಲೇ ಇಲ್ಲ. ಗೋಡೆ ದಾಟಿ ಬಂದ ಅಂಜೂರದ ಕೊಂಬೆಗಾಗಿ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಆದರೆ ಕೈಯ ಅಭ್ಯಾಸ ಕೇಳಬೇಕಲ್ಲ! ಅತಿಥಿ ಬಿಟ್ಟ ಬೂಟುಗಳನ್ನು ಒರೆಸಿ, ಮೂತಿ ಬೀದಿಗೆ ತಿರುಗಿಸಿ ಬಾಗಿಲ ಹೊರಗಿಡುವುದು ಅಲ್ಲಿಯ ಮರ್ಯಾದೆ. ರಾಫೈಲ್ ಹೊರಗೆ ಕಾಲಿಡುವಂತೆಯೇ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅವನ ಕರಿ ಬೂಟುಗಳು ಫಳಫಳ ಮಿಂಚುತ್ತ ಬಾಗಿಲಲ್ಲಿರುತ್ತಿದ್ದವು. ಇದು ಅಪಾಯವೆಂದು ಪುಣ್ಯಾತ್ಗಿತ್ತಿಯ ತಲೆಗೇ ಬರಲಿಲ್ಲ.

ಒಂದು ಮಧ್ಯಾಹ್ನ ಸೈನಿಕರು ಅವಳ ಬಾಗಿಲನ್ನೇ ಬಡಿದರು.

"ಮನೇಲಿ ಯಾರ್ಯಾರಿದೀರಿ?"

"ನಾನು, ಬೆಕ್ಕು" ಎಂದಳು. ಆಗ ಬೂಟು ನೆನಪಾಯಿತು. ಬಗ್ಗಿ ನೋಡಿದರೆ ಬೂಟುಗಳೇ ಇಲ್ಲ! ಸೈನಿಕರು ಒಳಗೊಮ್ಮೆ ಇಣುಕಿ ಹೊರಟುಹೋದರು.

ಗೋಡೆಯಾಚೆ ಇಸುಫ್ ಮುಖ ಕಿವುಚಿಕೊಂಡು ನಿಂತಿದ್ದ. ಕಾಲಲ್ಲಿ ರಾಫೈಲ್‌ನ ಬೂಟು.

"ಬಾರೇ ಮಾರಾಯ್ತಿ, ಇದನ್ನ ಎಳೀ! ಕಾಲು ಸತ್ತೋಯ್ತು."

"ನಿಂಗೆ ಹೇಗೆ ಗೊತ್ತಾಯ್ತೋ?"

"ದಿನಾ ಅಂಗಡಿ ಥರ ಜೋಡಿಸಿಡ್ತೀಯ, ಗೊತ್ತಾಗ್ದೇ ಇರುತ್ತಾ? ಇಡೀ ಓಣಿಗೇ ಗೊತ್ತು. ಸೈನಿಕರು ಓಣಿಗೆ ಬಂದಾಗೆಲ್ಲ ಯಾರು ಎತ್ಕೊಂಡು ಕಾಲಿಗೆ ಹಾಕ್ಕೋಬೇಕು ಅಂತ ಪಾಳಿ ಮಾಡ್ಕೊಂಡಿದೀವಿ. ಇವತ್ತು ನಂದು."

"ಒಳಗಿಡು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನಾವು ಮಾತು ಬಿಟ್ಟಿದೀವಲ್ಲ! ಉಳಿದೋರು, 'ಪಾಪ, ಅಷ್ಟು ಕಷ್ಟಪಟ್ಟು ಗುಟ್ಟು ಕಾಯ್ತಿದಾಳೆ, ಮನಸ್ಸು ನೋಯಿಸೋದ್ಯಾಕೆ' ಅಂದ್ರು."

ನೆಫೀಸೆಗೆ ನಗು, ಅಳು ಒಟ್ಟಿಗೇ ಬಂದವು. ಬೂಟು ಎಳೆದು ತೆಗೆದು, ಅವನನ್ನು ಒಳಗೆ ಕರೆದು, ಕಾಫಿಯ ಜೊತೆ ಅಂಜೂರದ ಪಾಕ ಕೊಟ್ಟಳು. ಯಾವ ಕೊಂಬೆಯ ಹಣ್ಣೆಂದು ಇಸುಫ್ ಕೇಳಲಿಲ್ಲ.

ಜರ್ಮನರು ಊರು ಬಿಟ್ಟ ದಿನ ರಾಫೈಲ್ ಬೂಟು ಮೆಟ್ಟಿ ಹೊರಗೆ ಬಂದ. ಎರಡು ಹೆಜ್ಜೆ ಇಟ್ಟು ನಿಂತ.

"ಇದೇನು ಇಷ್ಟು ಸಡಿಲ? ನಾನು ಹಾಕ್ಕೊಂಡೇ ಇಲ್ವಲ್ಲ!"

"ಓಣಿಯ ಹನ್ನೊಂದು ಮನೆಯೋರು ಪಾಳಿ ಮೇಲೆ ಹಾಕ್ಕೊಂಡ್ರೆ ಇನ್ನೇನಾಗುತ್ತಪ್ಪಾ?" ಎಂದ ಇಸುಫ್.