ದನಿ ಬಿದ್ದ ಚಳಿಗಾಲ

ನನ್ನ ದನಿ ಬಿದ್ದದ್ದು ಬನಶಂಕರಿ ಜಾತ್ರೆಯಲ್ಲಿ, ನಾಟಕ ಕಂಪನಿಯ ತಗಡಿನ ಥೇಟರಿನೊಳಗೆ, ಒಂದು ಬೆಳಗಿನ ತಾಲೀಮಿನ ಹೊತ್ತಿಗೆ. ಹಾಡಿನ ನಾಟಕವೊಂದರಲ್ಲಿ ನನಗೆ ಮೊದಲ ಬಾರಿ ನಾಯಕಿಯ ಪಾತ್ರ ಸಿಕ್ಕಿತ್ತು. ಮೇಲಿನ ಷಡ್ಜಕ್ಕೆ ಏರಿದೆ. ಬಾಯಿ ತೆರೆದೇ ಇತ್ತು, ಸ್ವರ ಹೊರಡಲಿಲ್ಲ. ಬರೀ ಗಾಳಿ. ಹಾರ್ಮೋನಿಯಂ ಒಂದಷ್ಟು ಮುಂದೆ ಹೋಗಿ ನಿಂತಿತು.

ಅದನ್ನು ನುಡಿಸುತ್ತಿದ್ದವರು ನನಗೆ ಹಾಡು ಕಲಿಸಿದ ಮಾಸ್ತರು. ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮೂರು ಇಳಕಲ್ಲಿನಿಂದ ಬಸ್ಸು ಹತ್ತಿ, ಹುನಗುಂದದ ಅವರ ಮನೆಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೆದರಿಕೆಯಾಗುತ್ತಿತ್ತು. ಅವರು ಬೈದವರಲ್ಲ. ಸ್ವರ ತಪ್ಪಿದರೆ ನುಡಿಸುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತ ಕೂಡುತ್ತಿದ್ದರು, ಅಷ್ಟೆ. ಆ ಸುಮ್ಮನಿರುವಿಕೆಗೇ ನಾನು ಹೆದರುತ್ತಿದ್ದೆ. ಅವತ್ತು ಮಾತ್ರ ಅವರು ನನ್ನನ್ನೇ ನೋಡಿದರು. ಅವರೂ ಹೆದರಿದ್ದರು.

"ನೀರು ಕುಡಿ. ಒಂದ ಮಾತೂ ಆಡಬ್ಯಾಡ," ಎಂದರು.

ಬಾಗಲಕೋಟೆಯ ಡಾಕ್ಟರು ಮೂಗಿನೊಳಗಿಂದ ತೆಳ್ಳನೆಯ ನಳಿಕೆ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು, ಒಂದರ ಅಂಚಿನಲ್ಲಿ ಕೆಂಪು ಗುಳ್ಳೆ.

"ಒಳಗ ರಕ್ತ ಕಟ್ಟೇದವಾ. ಪಿಸುಮಾತೂ ಆಡೂಹಂಗಿಲ್ಲ. ಮುಂದಿನ ತಿಂಗಳ ನೋಡೂಣು."

"ಮತ್ತ ಹಾಡ್ತಾಳಲ್ರಿ?" ಅವ್ವ ಕೇಳಿದಳು.

"ಮಾತು ಬರ್ತಾವ್ರಿ. ಹಾಡಿಂದು ಈಗ ಹೇಳಾಕ ಆಗೂದಿಲ್ಲ."

ಇಳಕಲ್ಲಿಗೆ ಬಂದು ಮೂಕಿಯಾಗಿ ಕೂತೆ. ನೋಡಲು ಬಂದ ಓಣಿಯವರು, ನನಗೆ ಕಿವಿಯೂ ಕೇಳುವುದಿಲ್ಲವೇನೋ ಎಂಬಂತೆ ಕೂಗಿ ಮಾತಾಡುತ್ತಿದ್ದರು. ನಗು ಬರುತ್ತಿತ್ತು, ನಗಲೂ ಹೆದರಿಕೆ. ಕೆಮ್ಮು ಬಂದರೆ ನೀರು ಕುಡಿದು ತಡೆದುಕೊಳ್ಳುತ್ತಿದ್ದೆ. ಅವ್ವ ಮಗ್ಗದ ಗುಂಡಿಯಲ್ಲಿ ಕೂತು ನೇಯುವಾಗ ನಾನು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಮನಸ್ಸಿನಲ್ಲೇ ನಾಯಕಿಯ ಹಾಡು ಹಾಡಿಕೊಳ್ಳುತ್ತಿದ್ದೆ. ಮನಸ್ಸಿನೊಳಗಿನ ದನಿಯೂ ಅದೇ ಜಾಗಕ್ಕೆ ಬಂದು ಒಡೆಯುತ್ತಿತ್ತು. ಹೆಚ್ಚು ಹೆದರಿದ್ದು ಅದಕ್ಕೇ. ಅಷ್ಟರಲ್ಲಿ ಕಂಪನಿಯ ಮಾಲಕರು ಆ ಪಾತ್ರವನ್ನು ಬೇರೆ ಹುಡುಗಿಗೆ ಕೊಟ್ಟಾಗಿತ್ತು.

ಗುಳ್ಳೆ ಇಳಿದಿದೆ, ಮೆಲ್ಲಗೆ ಶುರು ಮಾಡು ಎಂದು ಡಾಕ್ಟರು ಹೇಳಿದ ಮೇಲೆ ಮಾಸ್ತರೇ ಹಾರ್ಮೋನಿಯಂ ಹೊತ್ತು ನಮ್ಮ ಮನೆಗೆ ಬಂದರು. ನಾನು ಯಾವಾಗಲೂ ಹಾಡುತ್ತಿದ್ದದ್ದು ಕರಿ ನಾಕರ ಮನೆಯಿಂದ, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಕೀಲಿಯನ್ನು ಷಡ್ಜ ಮಾಡಿಕೊಂಡು. ಅವರ ಬೆರಳು ಅದನ್ನು ಬಿಟ್ಟು ಕೆಳಗೆ ಇಳಿಯಿತು.

"ಬಿಳಿ ನಾಕರಿಂದ ಹಿಡಿ."

"ಅಷ್ಟ ತೆಳಗಾ?"

"ಹಿಡಿ ಅಂದೆ."

ಹಿಡಿದೆ. ದಪ್ಪನೆಯ ದನಿಯೊಂದು ಬಂತು. ಕೋಣೆಯಲ್ಲಿ ಇನ್ಯಾವಳೋ ಹೆಂಗಸು ಕೂತಿದ್ದಾಳೆ ಅನ್ನಿಸಿತು.

"ಇದು ನಂದಲ್ರಿ, ಮಾಸ್ತರ."

ಅವರು ಕಿಟಕಿಯ ಕಡೆ ನೋಡಲಿಲ್ಲ. "ನನಗೂ ಅದು ಹೊಸಾದು. ಇಬ್ಬರೂ ರೂಢಿ ಮಾಡ್ಕೊಳ್ಳೂಣು," ಎಂದರು.

ವರ್ಷವೆಲ್ಲ ರೂಢಿ ಮಾಡಿಕೊಂಡೆವು. ಮುಂದಿನ ಚಳಿಗಾಲ ಅದೇ ಕಂಪನಿಯಲ್ಲಿ ನನಗೆ ರಾಜಮಾತೆಯ ಪಾತ್ರ ಬಂತು. ಒಂದೇ ಹಾಡು, ಮಧ್ಯಾಹ್ನದ ಆಟ. ಹಾಡುತ್ತ ಮೇಲಿನ ಷಡ್ಜ ಹತ್ತಿರವಾದಂತೆ ಮುಂದಿನ ಸಾಲಿನ ಜನ ಕಾಣದಾದರು. ಸ್ವರ ನಡುಗಿತು, ಒಡೆಯಲಿಲ್ಲ. ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಕಲಾವಿದರು ಆ ಕೂಗಿಗಾಗಿ ಕಾಯುತ್ತಾರೆ. ನನಗೆ ಓಡಿಹೋಗೋಣವೆನ್ನಿಸಿತು. ಒಮ್ಮೆ ದಾಟಿದ್ದನ್ನು ಮತ್ತೆ ದಾಟಬೇಕು. ಮಾಸ್ತರರತ್ತ ತಿರುಗಿದೆ, ಅವರು ಆಗಲೇ ಸ್ವರ ಕೊಟ್ಟಿದ್ದರು. ಹಾಡಿದೆ. ಎರಡನೆಯ ಸಲ ನಡುಕ ಸ್ವಲ್ಪ ಕಡಿಮೆಯಿತ್ತು.

ಬಣ್ಣ ತೆಗೆಯುತ್ತಿದ್ದಾಗ ಅವ್ವನ ಫೋನು ಬಂತು. ಎತ್ತಲಿಲ್ಲ. ಬಾಯಿ ತೆರೆದರೆ ಮಾತು ಬರುತ್ತದೋ ಅಳು ಬರುತ್ತದೋ ಎಂದು ಬಣ್ಣ ಒರೆಸುತ್ತಲೇ ಇದ್ದೆ. ಕತ್ತಲಾಗುವ ಹೊತ್ತಿಗೆ ನಾನೇ ಫೋನು ಮಾಡಿ, "ಚಲೋ ಆತವ್ವ," ಅಂದೆ.